ಒಂದು ತೋಳಕ್ಕೆ ಒಪ್ಪಿಗೆ

ದಾಂಡೇಲಿ
೧೦ ನವೆಂಬರ್ ೧೯೮೦

ಕಲ್ಲಕೊಪ್ಪದ ಶ್ರೀಮತಿ ಫಿಲೋಮಿನಾ ಬಾಯಿಯವರಿಗೆ, ದಾಂಡೇಲಿಯ ಅರಣ್ಯ ವಾಚರ್ ಮುದಕಪ್ಪ ಮಾಡುವ ನಮಸ್ಕಾರಗಳು.

ನನ್ನ ಹೆಸರು ನಿಮಗೆ ನೆನಪಿರಲಿಕ್ಕಿಲ್ಲ. ಮುಖ ನೆನಪಿರಬಹುದು. ಹೋದ ವರ್ಷ ಜನವರಿಯಲ್ಲಿ ನಿಮ್ಮೂರವರು ಆಡು ಮೇಯಿಸುವ ಕಾವಲಿನಲ್ಲಿ ತೋಳದ ಗವಿ ಸಿಕ್ಕಿತ್ತಲ್ಲ, ಗಂಡಸರೆಲ್ಲ ಸೇರಿ ಗವಿಯ ಬಾಯಿಗೆ ಮುಳ್ಳು ಒತ್ತಿ ಹೊಗೆ ಹಾಕಿದ್ದರಲ್ಲ, ಆಗ ಸಾಹೇಬರ ಜೀಪಿನಲ್ಲಿ ಬಂದವರಲ್ಲಿ ನಾನೂ ಒಬ್ಬ. ನಾವು ಬರುವಷ್ಟರಲ್ಲಿ ಮೂರು ಮರಿ ಸತ್ತಿದ್ದವು. ಉಳಿದ ಎರಡನ್ನು ನೀವು ಸಗಣಿ ಬುಟ್ಟಿಯಲ್ಲಿ ಬಚ್ಚಿಟ್ಟು, ಮೇಲೆ ಸೊಪ್ಪು ಮುಚ್ಚಿ, ಜೀಪಿನ ಮರೆಗೆ ಬಂದು ನನ್ನ ಕೈಗೆ ಕೊಟ್ಟಿರಿ. "ಇನ್ನೂ ಕಣ್ಣ ಬಿಟ್ಟಿಲ್ಲರಿ, ಬೆಚ್ಚಗ ಇಡ್ರಿ" ಎಂದು ಹೇಳಿದ್ದಿರಿ.

ಬೆಚ್ಚಗೇ ಇಟ್ಟಿದ್ದೇನೆ. ಒಂದು ಗಂಡು, ಒಂದು ಹೆಣ್ಣು. ಕಟ್ಟಿಗೆ ಡಿಪೋದ ಹಿಂಗೋಡೆಗೆ ತಾಗಿ ಎತ್ತರದ ತಂತಿ ಬೇಲಿ ಹಾಕಿದ ಜಾಗದಲ್ಲಿ ಬೆಳೆದು ನಿಂತಿವೆ. ಮೊಲ ಬಿಟ್ಟರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಹಿಡಿಯುತ್ತವೆ. ಅವುಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸ.

ಈಗ ಬಂದಿರುವ ಹೊಸ ಸಾಹೇಬರಿಗೆ ಅವನ್ನು ಹುಟ್ಟಿದ ಕಾವಲಿಗೇ ಮರಳಿ ಬಿಡಬೇಕೆಂಬ ಮನಸ್ಸಿದೆ. ಆದರೆ ಊರವರ ಒಪ್ಪಿಗೆ ಕಾಗದದಲ್ಲಿ ಬೇಕೆನ್ನುತ್ತಾರೆ. ಮಳೆಗಾಲ ಹಿಡಿಯುವುದರೊಳಗೆ ಆ ಕಾಗದ ಬಾರದಿದ್ದರೆ ಎರಡನ್ನೂ ದೂರದ ಊರಿನ ಮೃಗಾಲಯಕ್ಕೆ ಕಳಿಸುತ್ತಾರಂತೆ. ಅಲ್ಲಿಯ ಬೋನು ಎಷ್ಟು ದೊಡ್ಡದು ಎಂದು ಕೇಳಿದೆ. ಡಿಪೋ ಎದುರಿನ ಚಹಾದ ಅಂಗಡಿಯಷ್ಟು ಅಂದರು.

ನಿಮ್ಮೂರಲ್ಲಿ ಕಾಗದ ಬರೆಯಲು ಬರುವವರು ನೀವೊಬ್ಬರೇ ಎಂದು ಕೇಳಿದ್ದೇನೆ. ಹದಿಮೂರು ಮನೆಯವರ ಹೆಬ್ಬೆಟ್ಟು ಹಾಕಿಸಿ ಒಂದು ಒಪ್ಪಿಗೆ ಪತ್ರ ಬರೆದುಕೊಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತು ತಮ್ಮ ವಿಶ್ವಾಸಿ,
ಮುದಕಪ್ಪ

*

ಕಲ್ಲಕೊಪ್ಪ, ಮುಂಡಗೋಡ ತಾಲೂಕು
೨೮ ನವೆಂಬರ್ ೧೯೮೦

ಮುದಕಪ್ಪಣ್ಣನವರಿಗೆ ಫಿಲೋಮಿನಾಳ ನಮಸ್ಕಾರ. ನಾವು ಹದಿಮೂರು ಮನೆಯವರೂ ದೇವರ ದಯದಿಂದ ಚೆನ್ನಾಗಿದ್ದೇವೆ. ನಮ್ಮ ಆಡುಗಳೂ ಚೆನ್ನಾಗಿವೆ. ಅವು ಮುಂದೆಯೂ ಹಾಗೇ ಇರಲಿ ಎಂದು ಈ ಕಾಗದ ಬರೆಯುತ್ತಿದ್ದೇನೆ.

ನಿಮ್ಮ ಮುಖ ನೆನಪಿದೆ. ಮರಿ ಕೊಟ್ಟಾಗ ನಿಮ್ಮ ಕೈ ಗಡಗಡ ನಡುಗುತ್ತಿತ್ತು. ಕಣ್ಣು ಬಿಡದ ತೋಳಕ್ಕೂ ಹೆದರುವ ವಾಚರನನ್ನು ಸರ್ಕಾರ ಎಲ್ಲಿಂದ ಹುಡುಕಿ ತಂದಿತು ಎಂದು ಮನೆಗೆ ಬಂದು ಬಿದ್ದುಬಿದ್ದು ನಕ್ಕಿದ್ದೆ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಎಲ್ಲರನ್ನೂ ಕೂಡಿಸಿ, ಬುಟ್ಟಿಯ ಮಾತೊಂದನ್ನು ಬಿಟ್ಟು ನಿಮ್ಮ ಕಾಗದ ಓದಿದೆ. ಊರ ಹಿರಿಯ ರೊಜಾರಿಯೊ ಮಾಮಾ, "ಒಮ್ಮೆ ಗಾಡಿ ತಂದು ಒಯ್ದ್ರು, ಈಗ ಗಾಡಿ ತಂದು ಬಿಡ್ತಾರಂತ. ಒಯ್ಯುವಾಗ ನಮ್ಮನ್ನ ಕೇಳಿದ್ರೇನು?" ಎಂದು ತಂಬಾಕು ತಿಕ್ಕುತ್ತಾ ಕೂತರು. ಪಕ್ಕದ ಮನೆಯ ಶಂಕ್ರೆವ್ವ, "ನನ್ನ ಆಕಳ ಕರಾ ಹೋದ್ರ ಸಾಹೇಬ ಬಂದು ಕರಾ ಹಾಕ್ತಾನೇನು?" ಎಂದಳು. ಎಲ್ಲರೂ ನಕ್ಕರು. ನನ್ನ ಗಂಡ ಬಸ್ತ್ಯಾಂವ ಮಾತ್ರ ನಗಲಿಲ್ಲ. "ಅಷ್ಟು ಪ್ರೀತಿ ಇದ್ರ ದಾಂಡೇಲಿ ಪ್ಯಾಟ್ಯಾಗ ಬಿಡ್ರಿ ಅಂತ ಬರಿ. ಗಿರಣಿ ಪಾಳಿ ಬಿಟ್ಟು ಬರೂ ಮಂದಿ ನೋಡಿ ಖುಷಿ ಪಡ್ತಾರ. ನಾವು ಕಾವಲದಾಗ ಆಡು ಮೇಸಬೇಕೋ ತೋಳ ಮೇಸಬೇಕೋ?" ಎಂದ.

ನನ್ನನ್ನು ಯಾರೂ ಕೇಳಲಿಲ್ಲ, ಬರೆಯುವ ಕೆಲಸ ಮಾತ್ರ ನನ್ನದು. ಆದ್ದರಿಂದ ಕಾಗದ ಇಲ್ಲ ಎಂದು ತಿಳಿಯಿರಿ. ಬೇಜಾರು ಮಾಡಿಕೊಳ್ಳಬೇಡಿ.

ಇನ್ನೊಂದು. ನನಗೆ ಶ್ರೀಮತಿ, ಬಾಯಿ ಎಂದೆಲ್ಲ ಬರೆಯಬೇಡಿ. ಯಾವುದೋ ಬಂಗಲೆಯ ಹೆಂಗಸಿಗೆ ಬಂದ ಕಾಗದ ತಪ್ಪಿ ನನಗೆ ಮುಟ್ಟಿತೇನೋ ಅನ್ನಿಸಿತು. ತಂಗಿ ಎಂದರೆ ಸಾಕು.

ಫಿಲೋಮಿನಾ

*

ದಾಂಡೇಲಿ
೧೫ ಡಿಸೆಂಬರ್ ೧೯೮೦

ತಂಗಿ ಫಿಲೋಮಿನಾ ಅವರಿಗೆ,

ನಿಮ್ಮ ಕಾಗದ ಬಂದು ಒಂದು ವಾರವಾಯಿತು. ಸಾಹೇಬರಿಗೆ ಇನ್ನೂ ತೋರಿಸಿಲ್ಲ, ಟ್ರಂಕಿನಲ್ಲಿ ಇಟ್ಟಿದ್ದೇನೆ.

ನನ್ನ ಕೈ ನಡುಗಿದ್ದು ಹೆದರಿಕೆಯಿಂದಲ್ಲ. ಕಾರಣ ಬರೆಯುವುದು ಬೇಡ. ನಾನು ತೋಳಕ್ಕೆ ಹೆದರುವ ಮನೆತನದವನಲ್ಲ. ನಮ್ಮದು ಅಣ್ಣಿಗೇರಿ ಕಡೆಯ ಕುರಿಯವರ ಮನೆ. ನಮ್ಮ ಅಪ್ಪ ಇನ್ನೂರು ಕುರಿ ಕಾಯುತ್ತಿದ್ದ. ವರ್ಷದಲ್ಲಿ ಒಂದೆರಡು ಮರಿ ತೋಳದ ಪಾಲಿಗೆ ಹೋದರೆ ನಮ್ಮಲ್ಲಿ ಯಾರೂ ಎದೆ ಬಡಿದುಕೊಳ್ಳುತ್ತಿರಲಿಲ್ಲ. ನನಗೆ ಏಳು ವರ್ಷವಾದಾಗ ಅಪ್ಪ ತೀರಿಕೊಂಡ. ಮಾಮ ನನ್ನನ್ನು ದಾಂಡೇಲಿಗೆ ಕರೆತಂದ. ಇಲ್ಲದಿದ್ದರೆ ನಾನೂ ಇವತ್ತು ಕಂಬಳಿ ಹೊದ್ದು ಕುರಿಯ ಹಿಂದೆಯೇ ಇರುತ್ತಿದ್ದೆ.

ನನಗೆ ತಿಳಿಯದಿರುವುದು ಒಂದೇ. ಹೊಗೆಯೊಳಗೆ ಕೈ ಹಾಕಿ ಮರಿ ತೆಗೆದ ಹೆಂಗಸು ನೀವು. ಈಗ ಅವು ಮನೆಗೆ ಬರುತ್ತೇವೆ ಎಂದರೆ ಬಾಗಿಲು ಹಾಕುವವರೂ ನೀವೇ ಆದಿರಿ. ಇಷ್ಟು ಬರೆದದ್ದಕ್ಕೆ ಕ್ಷಮಿಸಿ. ಮನಸ್ಸು ಸರಿಯಿಲ್ಲ. ನಿಂಗಿ ಮೂರು ದಿನದಿಂದ ಊಟ ಮುಟ್ಟಿಲ್ಲ. ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾಳೆ. ನಾನು ಪಕ್ಕದಲ್ಲಿ ಹೋಗಿ ಕೂತರೆ ಮಾತ್ರ ತಲೆ ಎತ್ತಿ ನೋಡುತ್ತಾಳೆ.

ಮುದಕಪ್ಪ

*

ಕಲ್ಲಕೊಪ್ಪ
೨ ಜನವರಿ ೧೯೮೧

ಮುದಕಪ್ಪಣ್ಣನವರಿಗೆ,

ಮೊದಲು ನಿಮ್ಮ ಮನೆಯಾಕೆ ನಿಂಗಿ ವೈನಿಯ ಮಾತು. ಬಸ್ತ್ಯಾಂವ ಬಿದಿರು ಕಡಿಯುವ ಕೆಲಸಕ್ಕೆ ಜೋಯಿಡಾ ಕಡೆ ಹೊರಟಿದ್ದಾನೆ. ಅವನ ಕೈಯಲ್ಲಿ ಒಂದು ಪೊಟ್ಟಣ ಮತ್ತು ಈ ಕಾಗದ ಕೊಟ್ಟಿದ್ದೇನೆ. ಪೊಟ್ಟಣದಲ್ಲಿ ಓಂಕಾಳು, ಒಣಶುಂಠಿ, ನಮ್ಮ ಕಾಡಿನ ಒಂದು ಬೇರು ಇದೆ. ಕುಟ್ಟಿ, ಬೆಲ್ಲ ಹಾಕಿ ಕುದಿಸಿ ದಿನಕ್ಕೆರಡು ಸಲ ಕುಡಿಸಿ. ಹೊಟ್ಟೆ ತಾನೇ ದಾರಿಗೆ ಬರುತ್ತದೆ. ವೈನಿಯ ಪಕ್ಕದಲ್ಲಿ ಇನ್ನೂ ಸ್ವಲ್ಪ ಹೊತ್ತು ಕೂತುಕೊಳ್ಳಿ. ಗೋಡೆಯ ಕಡೆ ಮುಖ ಮಾಡಿ ಮಲಗಿದ ಹೆಣ್ಣಿಗೆ ಔಷಧಿಗಿಂತ ಅದೇ ಹೆಚ್ಚು ಬೇಕಾಗಿರುತ್ತದೆ. ನಿಮ್ಮ ಗಂಡಸು ಜಾತಿಗೆ ಇದನ್ನು ಬಾಯಿಬಿಟ್ಟೇ ಹೇಳಬೇಕು.

ಕಾಗದಕ್ಕೆ ಅಂಟು ಗಟ್ಟಿಯಾಗಿ ಹಚ್ಚಿದ್ದೇನೆ, ಏಕೆಂದರೆ ಮುಂದಿನದು ಬಸ್ತ್ಯಾಂವನಿಗೂ ಗೊತ್ತಿಲ್ಲ. ನೀವು ನನ್ನನ್ನು ಬಾಗಿಲು ಹಾಕಿದವಳು ಎಂದು ಬರೆದಿರಿ. ಅದು ನನಗೆ ಚುಚ್ಚಿತು. ಅದಕ್ಕೇ ಹೇಳುತ್ತೇನೆ, ಸಾಹೇಬರ ಕಿವಿಗೆ ಬೀಳಬಾರದು.

ನಮ್ಮ ಕಾವಲಿನಲ್ಲಿ ತೋಳಗಳು ಈಗಲೂ ಇವೆ. ಆ ಮರಿಗಳ ತಾಯಿ, ಮೋಟು ಬಾಲದ್ದು, ಒಂದು ಮಳೆಗಾಲ ಕಳೆದು ತಿರುಗಿ ಬಂತು. ಜೊತೆಯಲ್ಲಿ ಇನ್ನೆರಡು ಇವೆ. ನಮ್ಮ ಆಡು ಸತ್ತ ಮರಿ ಹಾಕಿದರೆ ನಾನು ಹೂಳುವುದಿಲ್ಲ, ಹಳ್ಳದ ಆಚೆ ಬಂಡೆಯ ಮೇಲೆ ಇಟ್ಟು ಬರುತ್ತೇನೆ. ಅವು ತಮ್ಮ ಪಾಡಿಗಿವೆ, ನಾವು ನಮ್ಮ ಪಾಡಿಗಿದ್ದೇವೆ. ಊರವರು ಹೆಜ್ಜೆ ನೋಡಿದರೂ ನಾಯಿ ಇರಬೇಕು ಎಂದುಕೊಳ್ಳುತ್ತಾರೆ. ನಾನೂ ಹೌದು ನಾಯಿಯೇ ಅನ್ನುತ್ತೇನೆ. ಗೊತ್ತಾದರೆ ಮತ್ತೆ ಹೊಗೆ ಹಾಕುತ್ತಾರೆ.

ಹೀಗಿರುವಾಗ ಇನ್ನೆರಡು ತೋಳ ಬಂದರೆ ನನಗೇನೂ ಭಾರವಿಲ್ಲ. ನನಗೆ ತಿಳಿಯಬೇಕಾದದ್ದು ಒಂದೇ. ನಿಮ್ಮವು ಮನುಷ್ಯರಿಗೆ ಹೆದರುತ್ತವೆಯೇ? ಇದನ್ನು ಸರಿಯಾಗಿ ಬರೆಯಿರಿ. ಹೆದರುತ್ತವೆ ಎಂದಾದರೆ ಹದಿಮೂರು ಮನೆಯ ಹೆಬ್ಬೆಟ್ಟು ನನ್ನ ಹೊಣೆ.

ಫಿಲೋಮಿನಾ

*

ದಾಂಡೇಲಿ
೨೦ ಜನವರಿ ೧೯೮೧

ತಂಗಿ ಫಿಲೋಮಿನಾ,

ಹೇಗೆ ಹೇಳಲಿ ಎಂದು ನಾಲ್ಕು ದಿನ ಯೋಚಿಸಿದೆ. ನಿಂಗಿ ನನ್ನ ಹೆಂಡತಿಯಲ್ಲ. ನೀವು ಬುಟ್ಟಿಯಲ್ಲಿ ಕೊಟ್ಟ ಹೆಣ್ಣು ಮರಿ. ಗಂಡಿನ ಹೆಸರು ಮಲ್ಲ. ಹೆಸರಿಡಬಾರದು ಎಂದು ಸಾಹೇಬರು ಮೊದಲೇ ಹೇಳಿದ್ದರು. ಅದಕ್ಕೇ ಇಲ್ಲಿ ಯಾರ ಮುಂದೆಯೂ ಹೆಸರು ಹಿಡಿದು ಕರೆಯುವುದಿಲ್ಲ. ಕಾಗದದಲ್ಲಿ ನನಗೆ ತಿಳಿಯದೆ ಬಂದುಬಿಟ್ಟಿತು.

ನಿಮ್ಮ ಕಷಾಯ ಕುದಿಸಿ ಇಟ್ಟೆ. ನಿಂಗಿ ಮೂಸಿ ನೋಡಿ ಮೂರು ಸಲ ಸೀನಿದಳು. ಕೊನೆಗೆ ನಾನೇ ಕುಡಿದೆ. ನನ್ನ ಹೊಟ್ಟೆ ಬಹಳ ಚೆನ್ನಾಗಿದೆ. ಅವಳೂ ಈಗ ಊಟ ಮಾಡುತ್ತಿದ್ದಾಳೆ. ಪಕ್ಕದಲ್ಲಿ ಕೂತುಕೊಳ್ಳಿ ಎಂದಿರಲ್ಲ, ಅದು ನಿಜವಾಯಿತು.

ನನ್ನ ಮನೆಯವಳು ಗೋದುಬಾಯಿ ಹೆರಿಗೆಯಲ್ಲಿ ತೀರಿಕೊಂಡಳು. ಕೂಸೂ ಉಳಿಯಲಿಲ್ಲ. ಅದಾಗಿ ಎರಡು ತಿಂಗಳಿಗೆ ನೀವು ಆ ಬುಟ್ಟಿ ನನ್ನ ಕೈಗೆ ಕೊಟ್ಟಿರಿ. ಕೈ ನಡುಗಿದ್ದು ಅದಕ್ಕೆ.

ಮನುಷ್ಯರಿಗೆ ಹೆದರುತ್ತವೆಯೇ ಎಂದು ಕೇಳಿದಿರಿ. ಹೆದರಿಕೆಯ ಮಾತೇ ಇಲ್ಲ, ನೀವು ನಿಶ್ಚಿಂತೆಯಿಂದಿರಿ. ಇಷ್ಟು ಸಾಧು ತೋಳಗಳನ್ನು ನೀವು ಕಂಡಿರಲಿಕ್ಕಿಲ್ಲ. ಸಂಜೆ ಮಾಂಸ ತೆಗೆದುಕೊಂಡು ಹೋಗಿ ಒಂದು ಕೂಗು ಹಾಕುತ್ತೇನೆ. ಎರಡು ಗಿಡ್ಡ, ಒಂದು ಉದ್ದ. ಅಪ್ಪ ಬೆಳಿಗ್ಗೆ ಕುರಿ ಹೊಡೆದುಕೊಂಡು ಹೊರಡುವಾಗ ಹಾಗೇ ಕೂಗುತ್ತಿದ್ದ, ನಾಯಿಗಳೆಲ್ಲ ಬಂದು ಅವನ ಸುತ್ತ ನಿಲ್ಲುತ್ತಿದ್ದವು. ನಾಯಿಗಳನ್ನು ಊಟಕ್ಕೆ ಕರೆಯುವ ಕೂಗು ಎಂದು ನನಗೆ ನೆನಪು. ಅಪ್ಪನಿಂದ ನನಗೆ ಉಳಿದದ್ದು ಅದೊಂದೇ. ನಾನು ಕೂಗಿದರೆ ಮಲ್ಲ, ನಿಂಗಿ ಎಲ್ಲಿದ್ದರೂ ಬಾಲ ಆಡಿಸುತ್ತಾ ಓಡಿ ಬಂದು ಕೈ ನೆಕ್ಕುತ್ತವೆ. ಡಿಪೋದ ಹಮಾಲರು ಕೂಗಿದರೂ ಬರುತ್ತವೆ. ಇದನ್ನು ಊರವರಿಗೆ ಓದಿ ಹೇಳಿ, ಅವರ ಹೆದರಿಕೆಯೂ ಹೋಗಲಿ.

ಕಾಗದದ ದಾರಿ ಕಾಯುತ್ತೇನೆ.

ಮುದಕಪ್ಪ

*

ಕಲ್ಲಕೊಪ್ಪ
೧ ಫೆಬ್ರುವರಿ ೧೯೮೧

ಅಣ್ಣಾ,

ನಿಮ್ಮ ಕಾಗದ ಓದುತ್ತಾ ಮೊದಲು ನಕ್ಕೆ, ಆಮೇಲೆ ಅತ್ತೆ, ಕೊನೆಗೆ ಹೆದರಿಬಿಟ್ಟೆ. ನಿಮ್ಮ ಕೈ ನಡುಗಿದ್ದಕ್ಕೆ ನಕ್ಕಿದ್ದೆನಲ್ಲ, ಅದನ್ನು ಮರೆತುಬಿಡಿ. ನನಗೆ ಗೊತ್ತಿರಲಿಲ್ಲ.

ನಿಮ್ಮ ಕಾಗದವನ್ನು ಯಾರಿಗೂ ಓದಿ ಹೇಳಿಲ್ಲ. ಏಕೆಂದು ಕೇಳಿ. ನಮ್ಮಲ್ಲಿ ಬೆಳಿಗ್ಗೆ ಆಡು ಹೊಡೆದುಕೊಂಡು ಹೋದವರು ಕಾವಲಿಗೆ ಇಳಿಯುವ ಮುಂಚೆ ದಿಬ್ಬದ ಮೇಲೆ ನಿಂತು ಕೂಗು ಹಾಕುತ್ತಾರೆ. ಎರಡು ಗಿಡ್ಡ, ಒಂದು ಉದ್ದ. ಅತ್ತೆ ಹಾಕುತ್ತಿದ್ದಳು, ನಾನು ಹಾಕಿದೆ, ಈಗ ನಾದಿನಿ ಕಾತರಿನಾ ಹಾಕುತ್ತಾಳೆ. ಬೇಸಿಗೆಯಲ್ಲಿ ನಿಮ್ಮ ಕಡೆಯ ಕುರಿಯವರು ಇಲ್ಲಿಗೆ ಬಂದರೆ ಅವರೂ ಇದನ್ನೇ ಹಾಕುತ್ತಾರೆ. ಅವರಿಂದಲೇ ನಮ್ಮವರು ಕಲಿತದ್ದಂತೆ.

ಅದು ನಾಯಿಯನ್ನು ಕರೆಯುವ ಕೂಗಲ್ಲ ಅಣ್ಣಾ. ಮನೆಯ ಹಿರಿಯರು ಒಳಗೆ ಬರುವ ಮುಂಚೆ ಬಾಗಿಲಲ್ಲಿ ಕೆಮ್ಮುವುದಿಲ್ಲವೇ, ಹಾಗೆ ಅದು. ನಾವು ಬಂದೆವು, ನೀವು ಸರಿದುಕೊಳ್ಳಿ ಎಂದು ತೋಳಕ್ಕೆ ಹೇಳುವುದು. ಕೂಗು ಕೇಳಿದ ತೋಳ ಎದ್ದು ಹಳ್ಳದ ಆಚೆಗೆ ಹೋಗುತ್ತದೆ. ಕೂಗದೆ ನಮ್ಮಲ್ಲಿ ಯಾರೂ ಕಾವಲಿಗೆ ಇಳಿಯುವುದಿಲ್ಲ. ನಿಮ್ಮ ಅಪ್ಪ ಕೂಗಿದಾಗ ನಾಯಿಗಳು ಬಂದು ನಿಂತದ್ದು ನಿಜವಿರಬಹುದು, ಹೊರಡುವ ಹೊತ್ತು ಎಂದು ಅವಕ್ಕೆ ಗೊತ್ತು. ನೀವು ಏಳು ವರ್ಷದವರು, ನಾಯಿ ಬಂದದ್ದನ್ನು ಮಾತ್ರ ನೋಡಿದಿರಿ. ದೂರದಲ್ಲಿ ತೋಳ ಎದ್ದು ಹೋದದ್ದು ನಿಮ್ಮ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ.

ಈಗ ಯೋಚನೆ ಮಾಡಿ. ಕಾತರಿನಾ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಹೋಗುವವಳು. ತೋಳ ಸರಿಯಲಿ ಎಂದು ಅವಳು ಕೂಗುತ್ತಾಳೆ. ನಿಮ್ಮ ಮಲ್ಲ, ನಿಂಗಿ ಊಟ ಬಂತು ಎಂದು ಓಡಿ ಬರುತ್ತವೆ. ಕೈ ನೆಕ್ಕುತ್ತವೋ ಬಿಡುತ್ತವೋ, ಅವಳು ನೆಕ್ಕುವವರೆಗೆ ಕಾಯುತ್ತಾಳೆಯೇ? ಗಂಡಸರು ಕೊಡಲಿ ಹಿಡಿದು ಬರುತ್ತಾರೆ. ನಿಮ್ಮವು ಓಡುವುದೂ ಇಲ್ಲ, ನಿಂತಲ್ಲೇ ಸಾಯುತ್ತವೆ. ಆಮೇಲೆ ಊರವರು ಕಾವಲನ್ನೆಲ್ಲ ಜಾಲಾಡಿ ಮೋಟು ಬಾಲದವಳನ್ನೂ ಬಿಡುವುದಿಲ್ಲ.

ಆದ್ದರಿಂದ ನಾನು ಬರೆದುಕೊಡುವುದಿಲ್ಲ. ಬರೆಯಬೇಕೆಂದರೆ ಒಂದೇ ದಾರಿ ಇದೆ. ನೀವು ಕಲಿಸಿದ್ದನ್ನು ನೀವೇ ಮರೆಸಬೇಕು. ಮಾಂಸವನ್ನು ಅವು ನೋಡದ ಹಾಗೆ ಇಟ್ಟು ಬನ್ನಿ. ಕೂಗು ಹಾಕಿ, ಬಂದರೆ ಕಲ್ಲು ಎಸೆಯಿರಿ, ಡಬ್ಬಿ ಬಡಿಯಿರಿ, ಉರಿಯುವ ಕಟ್ಟಿಗೆ ತೋರಿಸಿ. ಬೇರೆಯವರ ಕೈಯಿಂದಲೂ ಮಾಡಿಸಿ. ಮನುಷ್ಯನ ವಾಸನೆ ಬಂದರೆ ಮೂಲೆಗೆ ಓಡುವ ಹಾಗೆ ಆಗಬೇಕು. ನಿಮಗೆ ಎಷ್ಟು ಕಷ್ಟ ಎಂದು ತಿಳಿಯದೆ ಬರೆಯುತ್ತಿಲ್ಲ.

ನಿಮ್ಮ ತಂಗಿ,
ಫಿಲೋಮಿನಾ

*

ದಾಂಡೇಲಿ
೮ ಏಪ್ರಿಲ್ ೧೯೮೧

ತಂಗಿ,

ಎರಡು ತಿಂಗಳು ನಿನಗೆ ಬರೆಯಲಿಲ್ಲ. ಸಿಟ್ಟು ಬಂದಿತ್ತು. ನಿನ್ನ ಕಾಗದವನ್ನು ಹರಿದು ಒಲೆಗೆ ಹಾಕಿದೆ. ಆಮೇಲೆ ಒಂದು ಭಾನುವಾರ ಹಳಿಯಾಳದ ಸಂತೆಯಲ್ಲಿ ನಮ್ಮ ಕಡೆಯ ಮುದುಕನೊಬ್ಬ ಕುರಿ ಮಾರಲು ಬಂದಿದ್ದ. ಅವನನ್ನು ಕೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕುರಿಯವರ ಮಗ ಅಂತಿ, ಇಷ್ಟೂ ಗೊತ್ತಿಲ್ಲೇನೋ ತಮ್ಮಾ? ಅದು ತ್ವಾಳಕ್ಕ ಹೇಳೂದು" ಎಂದ.

ಮರುದಿನವೇ ಶುರು ಮಾಡಿದೆ. ಬೇಲಿಯೊಳಗೆ ನಡುವೆ ತಂತಿ ಹಾಕಿ ಎರಡನ್ನೂ ಬೇರೆ ಮಾಡಿದೆ. ಮೊದಲ ದಿನ ಕೂಗಿದಾಗ ಮಲ್ಲ ಓಡಿ ಬಂದ. ಕಲ್ಲು ಎಸೆದೆ. ಆಟ ಎಂದುಕೊಂಡು ಕಲ್ಲನ್ನು ಬಾಯಲ್ಲಿ ಕಚ್ಚಿ ನನ್ನ ಹತ್ತಿರ ತಂದ. ಆ ದಿನ ಅಷ್ಟಕ್ಕೇ ಬಿಟ್ಟೆ. ಆರನೇ ದಿನ ಕಲ್ಲು ಎಡಗಿವಿಗೆ ಬಿದ್ದು ಕಿವಿ ಸೀಳಿತು. ಹಮಾಲರನ್ನೂ ಕರೆದು ಕೂಗಿಸಿದೆ, ಡಬ್ಬಿ ಬಡಿಸಿದೆ. ಈಗ ಯಾರು ಕೂಗಿದರೂ ಅವನು ಆ ತುದಿಯ ಪೊದೆಗೆ ಓಡುತ್ತಾನೆ. ನನ್ನನ್ನು ಕಂಡರೂ ಓಡುತ್ತಾನೆ.

ನಿಂಗಿ ಕಲಿಯುತ್ತಿಲ್ಲ. ಅವಳಿಗೆ ಬುದ್ಧಿ ಕಡಿಮೆ ಎಂದು ಕಾಣುತ್ತದೆ.

ನಂಬಿಕೆ ಇಲ್ಲದಿದ್ದರೆ ಊರಿನಿಂದ ಯಾರಾದರೂ ಬಂದು ನೋಡಲಿ.

ಮುದಕಪ್ಪ

*

ಕಲ್ಲಕೊಪ್ಪ
೪ ಮೇ ೧೯೮೧

ಮುದಕಪ್ಪಣ್ಣನವರಿಗೆ,

ಇದರ ಜೊತೆ ಒಪ್ಪಿಗೆ ಪತ್ರ ಇಟ್ಟಿದ್ದೇನೆ. ಹದಿಮೂರು ಹೆಬ್ಬೆಟ್ಟು ಎಣಿಸಿಕೊಳ್ಳಿ. ಹನ್ನೆರಡನೆಯದು ಶಂಕ್ರೆವ್ವನದು, ಅರ್ಧ ಕಾಗದಕ್ಕೆ ಮಸಿ ಹರಡಿದ್ದಾಳೆ.

ಒಪ್ಪಿಸಿದ್ದು ನಾನಲ್ಲ, ಬಸ್ತ್ಯಾಂವ. ನಿಮ್ಮಲ್ಲಿಗೆ ಬಂದು ಎರಡು ದಿನ ನೋಡಿ ಹೋದನಲ್ಲ, ಬಂದವನೇ ರೊಜಾರಿಯೊ ಮಾಮಾನ ಅಂಗಳದಲ್ಲಿ ಎಲ್ಲರ ಮುಂದೆ ಹೇಳಿದ. "ನಾ ಬೇಲಿ ಹೊರಗ ನಿಂತು ಕೂಗು ಹಾಕಿದೆ. ಆ ಗಂಡು ಎಂಥಾ ಓಡಿತು ಅಂತೀರಿ! ಪೊದಿಯೊಳಗ ಹೊಕ್ಕದ್ದು ಹೊರಗ ಬರಲೇ ಇಲ್ಲ. ಅದು ಖರೇ ತ್ವಾಳ. ಹೆಣ್ಣು ಮಾತ್ರ ತಂತಿಗೆ ಮೂಗು ಹಚ್ಚಿ ನಿಂತಿತ್ತು, ಬೀಗರ ಮನಿಗೆ ಬಂದೋರಂಗ." ಸರಿದುಕೊಳ್ಳುವ ತೋಳದ ಜೊತೆ ನಮಗೆ ತಂಟೆಯಿಲ್ಲ ಎಂದು ಮಾಮಾ ಹೇಳಿದರು. ಮೋಟು ಬಾಲದವಳ ವಿಷಯ ಅವರಿಗೂ ಮೊದಲಿನಿಂದ ಗೊತ್ತಿತ್ತೋ ಏನೋ, ನನ್ನ ಕಡೆ ನೋಡಿ ಸ್ವಲ್ಪ ನಕ್ಕರು.

ಹಾಗಾಗಿ ಕಾಗದದಲ್ಲಿ ಒಂದು ತೋಳಕ್ಕೆ ಮಾತ್ರ ಒಪ್ಪಿಗೆ ಬರೆದಿದ್ದೇನೆ. ನಿಂಗಿಯದು ಬರೆಯಲಾಗಲಿಲ್ಲ. ಅಣ್ಣಾ, ಮಳೆಗೆ ಇನ್ನೂ ಒಂದು ತಿಂಗಳಿದೆ. ಅವಳಿಗೂ ಕಲಿಸಿ. ಅವಳ ಮೈ ಮೇಲೆ ಒಂದು ಗೆರೆಯೂ ಇಲ್ಲ, ಕೂದಲು ರೇಷ್ಮೆಯ ಹಾಗಿದೆ ಎಂದು ಬಸ್ತ್ಯಾಂವ ಹೇಳಿದ. ಹೆಣ್ಣಿನ ಚರ್ಮ ಗಟ್ಟಿ ಇರಬೇಕು, ಕಲ್ಲು ತಾಗಿದರೂ ಗೊತ್ತಾಗುವುದಿಲ್ಲ. ಇನ್ನೂ ಸ್ವಲ್ಪ ಜೋರಾಗಿ ಎಸೆಯಿರಿ. ಅವಳು ಕಲಿತಳು ಎಂದು ಒಂದು ಗೆರೆ ಬರೆದರೆ ಸಾಕು, ಎರಡನೇ ಕಾಗದ ಮರುಟಪಾಲಿಗೆ ಬರುತ್ತದೆ.

ಮಲ್ಲನನ್ನು ಬಿಡಲು ಬರುವ ದಿನ ಊಟ ನಮ್ಮಲ್ಲೇ.

ಫಿಲೋಮಿನಾ

*

ದಾಂಡೇಲಿ
೨೯ ಮೇ ೧೯೮೧

ತಂಗಿ,

ನಾಳೆ ಬೆಳಿಗ್ಗೆ ಸಾಹೇಬರು ಮಲ್ಲನನ್ನು ಜೀಪಿನಲ್ಲಿ ತರುತ್ತಾರೆ. ಅವರ ಕೈಯಲ್ಲೇ ಈ ಚೀಟಿ ಕೊಟ್ಟಿದ್ದೇನೆ. ನನಗೆ ಜ್ವರ, ಬರಲಾಗುವುದಿಲ್ಲ. ನಿನ್ನ ಮನೆಯ ಊಟ ಇನ್ನೊಮ್ಮೆ ಆಗಲಿ.

ನಿಂಗಿಯ ವಿಷಯದಲ್ಲಿ 'ಪ್ರಯತ್ನ ಮಾಡಿದೆ, ಆಗಲಿಲ್ಲ' ಎಂದು ಸಾಹೇಬರಿಗೆ ಹೇಳಿದ್ದೇನೆ. ಮೃಗಾಲಯದವರು ಮಳೆ ಮುಗಿದ ಮೇಲೆ ಬರುತ್ತಾರಂತೆ.

ಮುದಕಪ್ಪ

*

ಕಲ್ಲಕೊಪ್ಪ
೨೨ ನವೆಂಬರ್ ೧೯೮೧

ಅಣ್ಣಾ,

ಜೂನ್‌ನಿಂದ ಮೂರು ಕಾಗದ ಹಾಕಿದೆ. ಒಂದಕ್ಕೂ ಉತ್ತರವಿಲ್ಲ. ಇರಲಿ, ಈ ಸುದ್ದಿ ನಿಮಗೆ ಮುಟ್ಟಲೇಬೇಕು.

ಸೋಮವಾರ ಕಾತರಿನಾ ಮುಂಡಗೋಡ ಸಂತೆಗೆ ಹೋಗಿದ್ದಳು, ಆಡು ಹೊಡೆದುಕೊಂಡು ನಾನೇ ಹೋದೆ. ದಿಬ್ಬದ ಮೇಲೆ ನಿಂತು ಕೂಗು ಹಾಕಿ ಇಳಿದೆ. ಬಿಸಿಲು ಏರಿತ್ತು. ನಮ್ಮ ಚುಕ್ಕಿ, ಎರಡು ಹೊತ್ತು ಹಾಲು ಕೊಡುವ ಆಡು, ಮೇಯುತ್ತಾ ಮೇಯುತ್ತಾ ಹಳ್ಳದ ಆಚೆಗೆ ಹೋಗಿಬಿಟ್ಟಿತ್ತು. ಕರೆದು ತರೋಣ ಎಂದು ಹೋದರೆ ಪೊದೆಯ ಹಿಂದೆ ಮೋಟು ಬಾಲದವಳು ನಿಂತಿದ್ದಾಳೆ. ಚುಕ್ಕಿಯ ಕುತ್ತಿಗೆ ಹಿಡಿದಿದ್ದವನು ಇನ್ನೊಬ್ಬ. ಎಡಗಿವಿ ಸೀಳಿದೆ.

ನಾನು ಅಯ್ಯೋ ಎಂದು ಕಿರುಚಿದೆ. ಅವನು ತಲೆ ಎತ್ತಿ ನನ್ನನ್ನು ನೋಡಿದ. ನೋಡಿದ್ದೇ ತಡ, ಆಡನ್ನು ಅಲ್ಲೇ ಬಿಟ್ಟು ಹಿಂದೆ ತಿರುಗಿ ನೋಡದೆ ಓಡಿದ. ಮೋಟು ಬಾಲದ ಮುದುಕಿ ಮೆಲ್ಲಗೆ ಹೋದಳು, ಅವನು ಅವಳಿಗಿಂತ ಮುಂಚೆ ಆಚೆಯ ದಿಬ್ಬ ದಾಟಿದ್ದ.

ಚುಕ್ಕಿ ಸತ್ತಿತ್ತು. ಅಲ್ಲೇ ಕೂತು ಅತ್ತೆ. ನಿಮ್ಮ ಮಲ್ಲನನ್ನು ಬಾಯಿಗೆ ಬಂದ ಹಾಗೆ ಬೈದೆ, ನಿಮ್ಮನ್ನೂ ಬೈದೆ. ಅಳು ನಿಂತ ಮೇಲೆ ಅನ್ನಿಸಿತು, ಅವನು ಎಷ್ಟು ಚೆನ್ನಾಗಿ ಹೆದರಿದ! ಮೈ ತುಂಬಿಕೊಂಡಿದ್ದಾನೆ. ತಾಯಿಯ ಜೊತೆಗಿದ್ದಾನೆ. ಆಡನ್ನು ಮನೆಗೆ ತರಲಿಲ್ಲ, ಅಲ್ಲೇ ಬಿಟ್ಟು ಬಂದೆ. ಪರಿಹಾರಕ್ಕೆ ಅರ್ಜಿ ಕೊಟ್ಟರೆ ಯಾವ ತೋಳ, ಎಲ್ಲಿಯ ತೋಳ ಎಂದು ಹತ್ತು ಮಂದಿ ಬಂದೂಕು ಹಿಡಿದು ಕಾವಲು ತುಳಿಯುತ್ತಾರೆ. ಹಾಗಾಗಿ ಊರಿಗೆಲ್ಲ ನಾಯಿ ಕಚ್ಚಿತು ಎಂದು ಹೇಳಿದ್ದೇನೆ. ಬಸ್ತ್ಯಾಂವ ಮಾತ್ರ ನನ್ನ ಮುಖ ನೋಡಿ, "ಆ ನಾಯಿ ಕಿವಿ ಹೆಂಗ ಇತ್ತು?" ಎಂದು ಕೇಳಿದ. ನಾನು ಉಳಿದ ಆಡುಗಳನ್ನು ಕಟ್ಟಲು ಹೋದೆ. ಅವನೂ ಹಿಂದೆಯೇ ಬಂದು ಹಗ್ಗ ಹಿಡಿದ.

ನಿಂಗಿ ಹೇಗಿದ್ದಾಳೆ? ಮೃಗಾಲಯದವರು ಇನ್ನೂ ಬಂದಿಲ್ಲವಾದರೆ ಮತ್ತೊಮ್ಮೆ ಪ್ರಯತ್ನ ಮಾಡಿ. ಮಲ್ಲ ಹೀಗೆ ಬದುಕಿದ್ದಾನೆ ಎಂದ ಮೇಲೆ ಅವಳಿಗೂ ಊರವರನ್ನು ಒಪ್ಪಿಸುವ ಧೈರ್ಯ ನನಗಿದೆ. ಕಾಗದ, ಮಸಿ ಎರಡೂ ತಂದಿಟ್ಟಿದ್ದೇನೆ.

ಫಿಲೋಮಿನಾ

*

ದಾಂಡೇಲಿ
೧೨ ಡಿಸೆಂಬರ್ ೧೯೮೧

ತಂಗಿ ಫಿಲೋಮಿನಾ,

ನಿನ್ನ ಕಾಗದ ಬಂದ ದಿನ ನಿಂಗಿ ಇಲ್ಲಿಯೇ ಇದ್ದಳು. ಮಲ್ಲನ ಸುದ್ದಿ ಓದಿ ಬಹಳ ಸಂತೋಷವಾಯಿತು. ಅವಳ ಬೇಲಿಯೊಳಗೆ ಕೂತು ಅವಳಿಗೇ ಓದಿ ಹೇಳಿದೆ. ಚುಕ್ಕಿ ಹೋದದ್ದಕ್ಕೆ ನನ್ನನ್ನು ಕ್ಷಮಿಸು.

ನಾನು ನಿನಗೆ ಒಂದು ಸುಳ್ಳು ಬರೆದಿದ್ದೆ. ನಿಂಗಿ ಕಲಿಯುತ್ತಿಲ್ಲ, ಬುದ್ಧಿ ಕಡಿಮೆ ಎಂದು ಬರೆದೆ. ಅವಳು ಮಲ್ಲನಿಗಿಂತ ಜಾಣೆ. ನಾನು ಅವಳಿಗೆ ಒಂದು ಕಲ್ಲನ್ನೂ ಎಸೆಯಲಿಲ್ಲ. ಹಮಾಲರಿಗೂ ಅವಳ ಹತ್ತಿರ ಹೋಗಲು ಬಿಡಲಿಲ್ಲ. ದಿನಾ ಕಲ್ಲು ಹಿಡಿದುಕೊಂಡು ಹೋಗುತ್ತಿದ್ದೆ, ಅವಳು ಬಂದು ತಲೆಯನ್ನು ನನ್ನ ಮೊಣಕಾಲಿಗೆ ಒತ್ತುತ್ತಿದ್ದಳು, ಕಲ್ಲನ್ನು ಅಲ್ಲೇ ಬಿಟ್ಟು ಬರುತ್ತಿದ್ದೆ. ಮಲ್ಲ ನನ್ನನ್ನು ಕಂಡು ಮೊದಲ ಸಲ ಹೆದರಿ ಓಡಿದಾಗ, ಇವಳೂ ಹೀಗೇ ಓಡಿದರೆ ಮನೆಗೆ ಹೋಗಿ ನಾನು ಏನು ಮಾಡಲಿ ಎನ್ನಿಸಿತು. ಬಸ್ತ್ಯಾಂವನಿಗೆ ಅವಳ ಮೈ ಮೇಲೆ ಗೆರೆ ಕಾಣದಿದ್ದುದು ಅದಕ್ಕೆ. ಮೇ ತಿಂಗಳ ಜ್ವರವೂ ಸುಳ್ಳು. ನಿನ್ನ ಮನೆಗೆ ಬಂದರೆ ನೀನು ನಿಂಗಿಯ ವಿಷಯ ಕೇಳುತ್ತೀಯ ಎಂದು ಬರಲಿಲ್ಲ. ನೀನು ಹಾಕಿದ ಮೂರು ಕಾಗದವನ್ನೂ ಓದಿದ್ದೇನೆ.

ಸಾಹೇಬರು ಹೇಗೂ ಮೃಗಾಲಯದ ಮಾತನ್ನು ಮರೆತುಬಿಡಬಹುದು, ಅವಳು ಇಲ್ಲಿಯೇ ನನ್ನ ಹತ್ತಿರ ಉಳಿಯಬಹುದು ಎಂದುಕೊಂಡಿದ್ದೆ. ನಿನ್ನ ಕಾಗದ ಬಂದ ಮೇಲೆ, ನಾಳೆಯಿಂದ ಶುರು ಮಾಡೋಣ ಎಂದು ದೇವರಾಣೆ ಮನಸ್ಸು ಮಾಡಿದ್ದೆ. ಮೂರನೇ ದಿನ ಹಳಿಯಾಳದ ದಾರಿಯಿಂದ ಮೃಗಾಲಯದವರ ಲಾರಿ ಬಂತು.

ನಾಲ್ಕು ಮಂದಿ ಬಲೆ, ಬಡಿಗೆ ಹಿಡಿದು ಬೇಲಿಯೊಳಗೆ ಇಳಿದರು. ಹೊಸಬರ ಗದ್ದಲಕ್ಕೆ ಅವಳು ಬೆದರಿದಳು. ತಂತಿಗೆ ಬಡಿದುಕೊಂಡು ಮೂಗಿನಿಂದ ರಕ್ತ ಬರಿಸಿಕೊಂಡಳು, ಯಾರ ಕೈಗೂ ಸಿಗಲಿಲ್ಲ. ಊಟದ ಹೊತ್ತು ದಾಟಿತು. ಆಗ ಸಾಹೇಬರು ನನ್ನ ಕಡೆ ತಿರುಗಿ, "ಮುದಕಪ್ಪ, ನೀ ಕರದ್ರ ಬರ್ತದಲ್ಲ, ಕರಿ. ಸುಮ್ಮ ಯಾಕ ಅದಕ್ಕ ತ್ರಾಸ?" ಎಂದರು. ಅವರು ಕನಿಕರದಿಂದಲೇ ಹೇಳಿದ್ದು.

ಅವರು ಬೇಲಿಯ ಬಾಗಿಲಿಗೆ ತಂದಿಟ್ಟಿದ್ದ ಬೋನಿನೊಳಗೆ ನಾನು ಹೋಗಿ ಕೂತು ಕೂಗು ಹಾಕಿದೆ. ನಿಂಗಿ ಆ ನಾಲ್ಕು ಮಂದಿಯ ನಡುವಿನಿಂದಲೇ ಓಡಿ ಬಂದಳು. ಒಳಗೆ ಬಂದು ನನ್ನ ಕೈ ನೆಕ್ಕಿದಳು. ಅವಳು ನೆಕ್ಕುತ್ತಿರುವಾಗಲೇ ನಾನು ಪಕ್ಕದ ಸಣ್ಣ ಕಂಡಿಯಿಂದ ಹೊರಗೆ ಬಂದು ಬಾಗಿಲು ಎಳೆದೆ. ಚಿಲಕ ಹಾಕಿದವನೂ ನಾನೇ.

ಒಂದು ಕಲ್ಲು ಎಸೆದಿದ್ದರೆ ಇವತ್ತು ಅವಳು ನಿಮ್ಮ ಕಾವಲಿನಲ್ಲಿ ಇರುತ್ತಿದ್ದಳು, ತಂಗಿ.

ಮುದಕಪ್ಪ